ಖಂಡೆಪ್ಪ ಕಾಕಾನ ಬಾಗಿಲಿಗೆ ಕೋಡಿನ ಮೀನು

ಅವ್ವಂದಿರೇ, ಅಕ್ಕಂದಿರೇ, "ಇದು ಹೆಂಗಸರ ಮಾತು" ಎಂದು ಹಿಂದಿನ ಗೋಡೆಗೆ ಒರಗಿ ನಿಂತು ಎಲ್ಲವನ್ನೂ ಕೇಳಿಸಿಕೊಳ್ಳುತ್ತಿರುವ ಅಣ್ಣಂದಿರೇ, ನಾನೀಗ ಹೇಳುವುದು ಖರೇ ಕಥೆ. ಎಷ್ಟು ಖರೇ? ಮನುಷ್ಯರ ಹೆಸರು ಬದಲಿಸಿದ್ದೇನೆ. ಅವರ ಬಾಯಿಗೆ ನಾಲ್ಕು ಮಾತು ನಾನೇ ತುರುಕಿದ್ದೇನೆ. ಆದರೆ ಈ ಕಥೆಯಲ್ಲಿ ಒಂದು ಮೀನು ಬರುತ್ತದೆ. ಅದರ ಮೈಗೆ ಮಾತ್ರ ಒಂದು ರೆಕ್ಕೆಯನ್ನೂ ಹೆಚ್ಚಿಗೆ ಹಚ್ಚಿಲ್ಲ.

ಭೀಮೆಯ ಮೀನಲ್ಲ, ಕೃಷ್ಣೆಯ ಮೀನಲ್ಲ, ಸಮುದ್ರದ ಮೀನು. ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಾಗೇವಾಡಿ ಈ ನಾಲ್ಕು ತಾಲೂಕಿನಲ್ಲಿ ಸಮುದ್ರವೆಂದರೆ ಶಾಲೆಯ ನಕಾಶೆಯಲ್ಲಿ ಬಳಿದ ನೀಲಿ ಬಣ್ಣ. ಅದಕ್ಕೇ ಈ ಕಥೆ ನಮ್ಮಲ್ಲಿ ನಡೆಯಿತು. ಕಾರವಾರದಲ್ಲಾಗಿದ್ದರೆ ಮೊದಲ ದಿನವೇ ಯಾರಾದರೂ ನಕ್ಕು ಮುಗಿಸಿಬಿಡುತ್ತಿದ್ದರು.

ಹೋದ ವರ್ಷ, ಎಪ್ಪತ್ತೆಂಟನೇ ಇಸವಿಯ ಬೇಸಿಗೆ. ನಾನು ಧಾರವಾಡದಲ್ಲಿ ಪ್ರಾಣಿಶಾಸ್ತ್ರ ಓದಿ ಬಿ.ಎಸ್ಸಿ. ಪರೀಕ್ಷೆ ಬರೆದು ಊರಿಗೆ ಹೊರಟಿದ್ದೆ. ಡಿಗ್ರಿ ಇನ್ನೂ ಕೈಗೆ ಬಂದಿರಲಿಲ್ಲ, ಕೋಡು ಮಾತ್ರ ಆಗಲೇ ಮೂಡಿದ್ದವು. ಕಾಲೇಜಿನಲ್ಲಿ ಕಲಿತ ವಿದ್ಯೆ ಎರಡು. ಒಂದು, ಕಪ್ಪೆ ಕೊಯ್ಯುವುದು. ಇನ್ನೊಂದು, ಕಂಡವರ ದನಿ ಕದಿಯುವುದು. ಬಸ್ಸಿನ ಕಂಡಕ್ಟರನ ಹಾಗೆ ಕೂಗಿ ನಿಂತ ಬಸ್ಸನ್ನು ಹೊರಡಿಸಿದವನು ನಾನು. ಕೆಳಗೆ ನಿಂತು ಕೂಗಿ ನೋಡುತ್ತೇನೆ, ನನ್ನ ಚೀಲವೇ ಆ ಬಸ್ಸಿನಲ್ಲಿ ಹೋಗಿತ್ತು. ಅದಿರಲಿ.

ಊರಿಗೆ ಹೋಗುವ ಮೊದಲು ಇಂಡಿಯಲ್ಲಿರುವ ಅಕ್ಕನ ಮನೆಗೆ ಹೋದೆ. ಅಲ್ಲಿಯ ಸಂತೆಯಲ್ಲಿ ಒಬ್ಬ ಕಪ್ಪು ಪೆಟ್ಟಿಗೆ ಇಟ್ಟುಕೊಂಡು ನಿಂತಿದ್ದ. ಸುತ್ತ ಜನವೋ ಜನ. ಅವನು ಮೂಗಿನಿಂದಲೇ ಮಾತಾಡುತ್ತಿದ್ದ.

"ದೇಖೋ ಭಾಯಿ, ಸಾತ್ ಸಮುಂದರದ ಸೈತಾನ! ಕೋಡು ನೋಡ್ರಿ, ಬಾಲ ನೋಡ್ರಿ, ಎದಿ ಎಲುಬು ನೋಡ್ರಿ! ಸಮಝಾ? ಬಸರ ಹೆಂಗಸರು ಹಿಂದ ಸರೀರಿ! ಸಮಝಾ?"

ಪೆಟ್ಟಿಗೆ ತೆರೆದ. ಒಳಗೆ ಒಣಗಿ ಕಟ್ಟಿಗೆಯಾದ ಒಂದು ಆಕಾರ. ತಲೆಯ ಮೇಲೆ ಎರಡು ಕೋಡು. ಅಗಲವಾದ ಬಾಯಿ, ಬಾಯಿಗೆ ಕುಂಕುಮ. ಬಾಯಿಯ ಎರಡು ತುದಿಗೆ ಹೊಳೆಯುವ ಗಾಜಿನ ಕಣ್ಣು. ಎದೆಯ ಎರಡು ಬದಿಗೆ ಐದೈದು ಸೀಳು, ಪಕ್ಕೆಲುಬಿನ ಹಾಗೆ. ಕೆಳಗೆ ಚಾಟಿಯಂಥ ಬಾಲ. ಜನ ಹೌಹಾರಿದರು. ನನಗೆ ಮಾತ್ರ ಹಳೆಯ ಗೆಳೆಯನನ್ನು ಕಂಡಂತಾಯಿತು.

ಯಾಕೆಂದರೆ ಕಾಲೇಜಿನಿಂದ ಕಾರವಾರಕ್ಕೆ ಹೋದಾಗ ಇದನ್ನೇ ಜೀವಂತ ನೋಡಿದ್ದೆ. ಮೀನುಗಾರರ ದೋಣಿಯಲ್ಲಿ ಕುಳಿತಿದ್ದೆವು. ಇದ್ದಕ್ಕಿದ್ದ ಹಾಗೆ ನೀರು ಒಡೆಯಿತು. ಕರಿಯ ಕಂಬಳಿಯೊಂದು ನೀರಿನಿಂದ ಮೇಲಕ್ಕೆ ಹಾರಿತು. ಗಾಳಿಯಲ್ಲಿ ರೆಕ್ಕೆ ಬಿಚ್ಚಿ, ಬಿಳಿಯ ಹೊಟ್ಟೆ ತೋರಿಸಿ, ರಪ್ ಎಂದು ಬಿತ್ತು. ಅದರ ಹಿಂದೆ ಇನ್ನೊಂದು, ಮತ್ತೊಂದು. ನಮ್ಮ ಪ್ರೊಫೆಸರರು ಪೇಟ ಕಳಚಿ ಕೈಯಲ್ಲಿ ಹಿಡಿದುಕೊಂಡು ಬಾಯಿ ತೆರೆದು ಕುಳಿತುಬಿಟ್ಟಿದ್ದರು. ಮೀನುಗಾರರು ಅದನ್ನು ಕೊಂಬಿನ ತೊರಕೆ ಎಂದರು. ಅಂಥ ಚೆಂದದ ಜೀವವನ್ನು ಒಣಗಿಸಿ, ಅಂಗಾತ ಮಲಗಿಸಿ, ಮೂಗಿನ ಹೊರಳೆಗೆ ಗಾಜಿನ ಮಣಿ ಮೆತ್ತಿ ಈ ಪುಣ್ಯಾತ್ಮ ಸೈತಾನ ಮಾಡಿದ್ದ!

ನಾನು ಜನರನ್ನು ಸರಿಸಿಕೊಂಡು ಮುಂದೆ ಹೋಗುವಷ್ಟರಲ್ಲಿ ಅವನು ಪೆಟ್ಟಿಗೆ ಮುಚ್ಚಿ ಹೊರಟೇಬಿಟ್ಟ. ಅವನ ಮೂಗಿನ ದನಿ ಮಾತ್ರ ನನ್ನ ಗಂಟಲಲ್ಲಿ ಉಳಿಯಿತು.

ಎರಡು ವಾರ ಬಿಟ್ಟು ನಮ್ಮೂರು ಕನ್ನೊಳ್ಳಿಗೆ ಬಂದೆ. ನಮ್ಮ ಪಕ್ಕದ ಮನೆ ಖಂಡೆಪ್ಪ ಕಾಕಾನದು. ಹೊಲ, ಮನೆ, ಎತ್ತು ಎಲ್ಲ ಇರುವ ಗಟ್ಟಿ ಕುಳ. ಮಗ ರೇವಪ್ಪ ಸೊಲ್ಲಾಪುರದ ಮಿಲ್ಲಿನಲ್ಲಿದ್ದ. ಸೊಸೆ ಚನ್ನವ್ವ ಚೊಚ್ಚಲ ಬಸುರಿ, ಎಂಟನೇ ತಿಂಗಳು. ನಾನು ಆಕೆಯನ್ನು ವೈನಿ ಎನ್ನುತ್ತೇನೆ. ಇಡೀ ಓಣಿಯಲ್ಲಿ ನನ್ನ ಅಣಕಕ್ಕೆ ತಿರುಗಿ ಅಣಕಿಸುವ ಗಂಡೆದೆ ಇದ್ದದ್ದು ಆಕೆಗೊಬ್ಬಳಿಗೇ.

ಅಂಗಳಕ್ಕೆ ಕಾಲಿಟ್ಟೆ. ಮೊದಲು ಕಂಡದ್ದು ಕಾಕಾನ ಮೆಚ್ಚಿನ ಎತ್ತು. ಅದರ ಕೋಡು ಬೋಳು. ಕೋಡಿನ ತುದಿಗೆ ಹಾಕುವ ಅಜ್ಜನ ಕಾಲದ ಹಿತ್ತಾಳೆಯ ಕೋಡಣಸು, ಬಂಗಾರದ ಹಾಗೆ ತಿಕ್ಕಿ ಇಡುತ್ತಿದ್ದವು, ಎರಡೂ ಮಾಯ. ಆಮೇಲೆ ಬಾಗಿಲ ಕಡೆ ನೋಡಿದೆ. ಬಾಗಿಲ ಮೇಲೆ ಒಂದು ಮೊಳ ಅಗಲದ ಕೋಡಿನ ತೊರಕೆ ತೂಗುತ್ತಿತ್ತು! ಹಣೆಗೆ ವಿಭೂತಿ, ಕೊರಳಿಗೆ ಚೆಂಡುಹೂವಿನ ಮಾಲೆ, ಮುಂದೆ ಊದಿನಕಡ್ಡಿ.

ಸಿದ್ದಲಿಂಗವ್ವ ಕಾಕಿ ಹಿಟ್ಟು ಜರಡಿ ಹಿಡಿಯುತ್ತ ಕುಳಿತಿದ್ದಳು. ನನ್ನನ್ನು ಕಂಡು ಬಾಯಿಗೆ ಬೆರಳಿಟ್ಟಳು.

"ಸಾವಕಾಶ ಮಾತಾಡೋ ಪರಪ್ಪ. ಅದಕ್ಕ ಕೇಳಿಸತೈತಿ."

"ಯಾವುದಕ್ಕ ಕಾಕಿ?"

"ಮ್ಯಾಲಿಂದಕ್ಕ. ಸಿಂದಗಿ ಸಂತ್ಯಾಗ ಚನ್ನವ್ವಗ ಬಳಿ ಇಡಸಾಕ ಹೋಗಿದ್ವಿ. ಅಲ್ಲಿ ಪೆಟಗಿ ಬಾಬಾ ಇದ್ದ. ನಾವು ನೋಡಬಾರದಾಗಿತ್ತು, ನೋಡಿಬಿಟ್ವಿ. ಆ ಸೈತಾನನ ಕಣ್ಣು ಇಕಿ ಬಸರಿಗೆ ಬಿತ್ತಂತ. ಕೋಡಿರೂ ಕೂಸು ಹುಟ್ಟತೈತಂತ."

ಪರಿಹಾರವನ್ನೂ ಪೆಟ್ಟಿಗೆಯವನೇ ಹೇಳಿದ್ದನಂತೆ. ದೊಡ್ಡ ಸೈತಾನನಿಗೆ ಅಂಜಿಕೆ ಬರಲಿ ಎಂದು ಸಣ್ಣ ಸೈತಾನನನ್ನು ಬಾಗಿಲಿಗೆ ಕಟ್ಟಬೇಕು. ಕೋಡಿಗೆ ಬದಲು ಕೋಡು, ಹಾಗೆಂದು ಎತ್ತಿನ ಕೋಡಣಸು ಅವನಿಗೆ ಕೊಡಬೇಕು. ಸಮುದ್ರದ ಸೈತಾನ ಉಪ್ಪಿನ ವಾಸನೆ ಹಿಡಿದು ಬರುತ್ತದೆ, ಅದಕ್ಕೆ ಬಸುರಿ ಉಪ್ಪು ಮುಟ್ಟಬಾರದು. ಹಡೆಯುವ ತನಕ ಹೊಸ್ತಿಲು ದಾಟಬಾರದು. ಮೈಗೆ ಸೂಜಿ ಚುಚ್ಚಿಸಬಾರದು. ಎಲ್ಲಕ್ಕಿಂತ ಮುಖ್ಯ, ಬಾಗಿಲಿಗೆ ಕಟ್ಟಿದ್ದಕ್ಕೆ ನೀರು ಸೋಕಿಸಬಾರದು. ಸೋಕಿದರೆ ಅದಕ್ಕೆ ಜೀವ ಬರುತ್ತದೆ!

ಒಳಕೋಣೆಯಿಂದ ಚನ್ನವ್ವನ ದನಿ ಬಂತು. ಯಾವಾಗಲೂ ಗಂಟೆಯಂತಿದ್ದ ದನಿ ಈಗ ಒಡೆದ ಗಡಿಗೆಯಂತಿತ್ತು.

"ಪರಪ್ಪ ಬಂದೀರೇನ್ರಿ? ಧಾರವಾಡದಾಗ ಪಲ್ಯಾಕ ಉಪ್ಪು ಹಾಕ್ತಾರೇನ್ರಿ?"

"ಹಾಕ್ತಾರ ವೈನಿ."

"ನಸೀಬವಂತರು" ಎಂದಳು. ನಗಬೇಕೆಂದಿದ್ದೆ. ನಗು ಬರಲಿಲ್ಲ.

ಅಷ್ಟರಲ್ಲಿ ಕಾಕಾ ಬಂದ. ನಾನು ನೇರವಾಗಿ ಹೇಳಿದೆ.

"ಕಾಕಾ, ಇದು ಸೈತಾನಲ್ಲ. ಇದು..."

"ಬಾಯಿ ಮುಚ್ಚು! ಎರಡು ಬುಕ್ಕು ಓದೀದಿ ಅಂತ ಎಲ್ಲಾದರಾಗೂ ಬಾಯಿ ಹಾಕಬ್ಯಾಡ. ಕೋಡು ಕಾಣಸೂದಿಲ್ಲೇನ ನಿನಗ? ನಮ್ಮ ಮನಿ ಚೊಚ್ಚಲ ಕೂಸಿನ ಮಾತೈತಿ ಇದು. ಏನರ ಹೆಚ್ಚು ಕಮ್ಮಿ ಆದ್ರ ನೀ ಹೊಣಿ ಆಗ್ತೀಯೇನ?"

ಕಾಕಾನ ಕಣ್ಣಲ್ಲಿ ಸಿಟ್ಟಿಗಿಂತ ಭಯ ಹೆಚ್ಚಿತ್ತು. ನಾನು ಅಂಗಳ ದಾಟಿದೆ.

ಹೊರಗೆ ಬೇವಿನ ಗಿಡದ ಕೆಳಗೆ ನರ್ಸಬಾಯಿ ಅಮೀನಾಬಿ ನಿಂತಿದ್ದರು, ಹೆಗಲಿಗೆ ಬಿಳಿಯ ಚೀಲ. ಆ ಮನೆಯ ಬಾಗಿಲಿಗೆ ಹೋಗಿ ಹೋಗಿ ತಿರುಗಿ ಬಂದಿದ್ದರು.

"ಸೂಜಿ ಅಂದಕೂಡಲೇ ಬಾಗಲಾ ಹಾಕ್ಕೋತಾರ" ಎಂದರು. "ಮೊದಲ ಇಂಜೆಕ್ಷನ್ ಆಗೈತಿ, ಎರಡನೇದು ಆಗಬೇಕು. ಅದು ತಾಯಿಗೂ ಕೂಸಿಗೂ ಧನುರ್ವಾಯು ಬರಲಾರದಂಗ ಕಾಯತೈತಿ. ಕಿಟಕಿಯಾಗಿಂದ ನೋಡೀನಿ, ಹುಡುಗಿ ಕಣ್ಣಾಗ ರಕ್ತಽ ಇಲ್ಲ, ಬಿಳಚಿಕೊಂಡಾಳ. ಉಪ್ಪಿಲ್ಲದ ಊಟ ಗಂಟಲಾಗ ಇಳಿಯೂದಿಲ್ಲ ಅಂತ ಆಕಿ ಊಟಾನಽ ಬಿಟ್ಟಾಳ. ಹಿಂಗಽ ಹಡದ್ರ ತಡಕೊಳ್ಳೂದು ಕಠಿಣ ಐತಿ ಪರಪ್ಪ. ಕೋಡಿನ ಕೂಸಿನ ಚಿಂತಿ ನನಗಿಲ್ಲ, ಆ ಹುಡುಗೀದೈತಿ."

"ಬಾಯಾರ, ನಾಳೆ ಮಧ್ಯಾಹ್ನ ಬಿಸಿಲು ಇಳಿಯೂ ಹೊತ್ತಿಗೆ ಬರ್ರಿ."

"ಏನ್ ಮಾಡ್ತೀ?"

"ಸೈತಾನಗ ಸ್ನಾನ ಮಾಡಸ್ತೇನಿ."

ಮರುದಿನ ಬೆಳಿಗ್ಗೆ ಕಾಕಾ ಎತ್ತಿಗೆ ಮೇವು ಹಾಕಲು ಹಿತ್ತಲಿಗೆ ಬಂದ. ಜೋಳದ ಕಣಿಕೆಯ ಬಣವೆಯ ಹಿಂದೆ ನಾನು ಕುಕ್ಕರಗಾಲಲ್ಲಿ ಕುಳಿತಿದ್ದೆ. ಮೂಗು ಹಿಡಿದು, ಗಂಟಲು ಸರಿ ಮಾಡಿಕೊಂಡು ಶುರು ಮಾಡಿದೆ.

"ಖಂಡೆಪ್ಪಾ! ಓ ಖಂಡೆಪ್ಪಾ! ಹಿಂದ ತಿರುಗಬ್ಯಾಡ! ಸಮಝಾ?"

ಕಾಕಾನ ಕೈಯಿಂದ ಕಣಿಕೆಯ ಸಿವುಡು ಬಿತ್ತು. "ಬಾಬಾ! ನೀವು ಎಲ್ಲಿಂದ ಬಂದ್ರಿ?"

"ಬಾಗೇವಾಡಿಗೆ ಹೊಂಟಿದ್ದೆ. ಗೊಳಸಂಗಿ ತನಕ ಹೋಗಿದ್ದೆ. ಸೈತಾನ ಕರದ, ತಿರುಗಿ ಬಂದೆ. ಅದಕ್ಕ ನೀರಡಿಕಿ ಆಗೈತಿ! ಎತ್ತಿನ ಬಾನ್ಯಾಗ ನೀರು ತುಂಬು, ಅದರಾಗ ಇಳಸು. ಬಿಸಿಲು ಇಳಿಯೂ ತನಕ ಇರಲಿ. ಸಮಝಾ?"

"ನೀರು ಸೋಕಿಸಬಾರದು ಅಂದಿದ್ರಲ್ಲ್ರಿ?"

ಇದು ನನಗೆ ಹೊಳೆದಿರಲಿಲ್ಲ. ಒಂದು ಕ್ಷಣ ಬಣವೆಯೇ ನನ್ನ ಮೇಲೆ ಬಿದ್ದಂತಾಯಿತು. ಆದರೆ ಬಾಬಾಗಳಿಗೆ ಒಂದು ಅನುಕೂಲವಿದೆ, ಕಾರಣ ಕೊಡಬೇಕಾಗಿಲ್ಲ.

"ಅದು ಹೋದ ಅಮಾಸಿ ಮಾತು! ಇದು ಈ ಅಮಾಸಿ ಮಾತು! ಸಮಝಾ?"

"ಸಮಝಾ ಆತ್ರಿ, ಸಮಝಾ ಆತು" ಎಂದು ಕಾಕಾ ಅಲ್ಲಿಂದ ಓಡಿದ.

ಮುಂದಿನದನ್ನು ನನ್ನ ಮನೆಯ ಮಾಳಿಗೆಯಿಂದ ನೋಡಿದೆ. ಕಾಕಾ ಸ್ನಾನ ಮಾಡಿ, ಮಡಿ ಉಟ್ಟು, ಏಣಿ ಹಾಕಿ ಅದನ್ನು ಇಳಿಸಿದ. ಕಲ್ಲಿನ ಬಾನಿಯಲ್ಲಿ ತಿಳಿನೀರು ತುಂಬಿ, ಕೂಸನ್ನು ಎರೆಯಲು ಮಲಗಿಸುವ ಹಾಗೆ ಮಲಗಿಸಿದ. ಕೈ ಮುಗಿದ. ಆಮೇಲೆ ದೂರದ ಕಟ್ಟೆಯ ಮೇಲೆ ಕೋಲು ಹಿಡಿದು ಕಾವಲು ಕುಳಿತ.

ಬಿಸಿಲು ಏರಿತು. ವಾಸನೆಯೂ ಏರಿತು. ಮೊದಲು ಕಾಕಿಯ ಬೆಕ್ಕು ಬಂತು. ಅದರ ಹಿಂದೆ ಗೌಡರ ಬೆಕ್ಕು. ಆಮೇಲೆ ಯಾರ ಮನೆಯದೋ ಒಂದು ಕಿವಿ ಹರಿದ ಗಂಡುಬೆಕ್ಕು. ಮೂರೂ ಬಾನಿಯ ಸುತ್ತ ಪಂಚಾಯ್ತಿಗೆ ಕೂತಂತೆ ಕುಳಿತವು.

"ಬೆಕ್ಕು ಕೂಡ ಶರಣ್ ಬಂದಾವ ನೋಡ" ಎಂದ ಕಾಕಾ.

"ಶರಣ್ ಬಂದದ್ದಕ್ಕ ಬಾಯಾಗ ಯಾಕ ನೀರು ಸುರಸಾಕತ್ತಾವ?" ಎಂದಳು ಕಾಕಿ.

ಬಿಸಿಲು ಇಳಿಯುವಾಗ ನಾನೂ ಅಮೀನಾಬಿಯವರೂ ಒಟ್ಟಿಗೆ ಹೋದೆವು. ಕಾಕಾ ಬಾನಿಯ ಪಕ್ಕದಲ್ಲಿ ದಿಗಿಲುಬಿದ್ದು ನಿಂತಿದ್ದ.

"ಪರಪ್ಪ, ಇಲ್ಲಿ ಬಾರೋ. ಏನೋ ಆಗೈತಿ. ಕೋಡು ಕರಗ್ಯಾವ!"

ಕೋಡು ಕರಗಿರಲಿಲ್ಲ. ಒಣಗಿ ಸುರುಳಿಯಾಗಿದ್ದವು ನೆನೆದು ಮೆತ್ತಗಾಗಿ ಬಿಚ್ಚಿಕೊಂಡಿದ್ದವು. ಗಾಜಿನ ಕಣ್ಣು ಕಳಚಿ ಬಾನಿಯ ತಳದಲ್ಲಿ ಬಿದ್ದಿದ್ದವು. ಅಮೀನಾಬಿ ಸೆರಗು ಸಿಕ್ಕಿಸಿ ಅದನ್ನು ಎತ್ತಿ ಕಲ್ಲಿನ ಮೇಲಿಟ್ಟರು. ಕೋಡೊಂದನ್ನು ಎರಡು ಬೆರಳಲ್ಲಿ ಹಿಡಿದು ಎಳೆದರು. ವೀಳ್ಯದೆಲೆಯ ಹಾಗೆ ಅದು ಅಗಲವಾಗಿ ತೆರೆದುಕೊಂಡಿತು.

"ಕಾಕಾ, ಕೋಡು ಹಿಂಗ ಮಡಚತಾವೇನ್ರಿ? ನಿಮ್ಮ ಎತ್ತಿಂದು ಮಡಚಿ ತೋರಸ್ರಿ ನೋಡೂಣು" ಎಂದೆ.

ಕಾಕಾ ಎತ್ತಿನ ಕಡೆ ನೋಡಿದ. ಎತ್ತು ಕಾಕಾನ ಕಡೆ ನೋಡಿತು.

"ಹಂಗಾದ್ರ ಏನಿದು?" ಎಂದ.

"ಹೇಳೂದಕ್ಕಿಂತ ತೋರಸ್ತೇನಿ. ನಿಮ್ಮ ಕಂಬಳಿ ಕೊಡ್ರಿ, ಒಂದು ಬಿಳಿ ಧೋತರಾನೂ ಕೊಡ್ರಿ."

ನಾನು ಧೋತರವನ್ನು ಒಳಗೆ, ಕರಿಯ ಕಂಬಳಿಯನ್ನು ಹೊರಗೆ ಹೊದ್ದುಕೊಂಡೆ. ಮಳೆಗೆ ಕಂಬಳಿ ಕೊಪ್ಪೆ ಹಾಕುವುದನ್ನು ನಿಮಗೆ ಕಲಿಸಬೇಕೆ? ನಾನು ಹಾಗೆಯೇ ಹಾಕಿಕೊಂಡು, ಮುಂದಿನ ಎರಡು ಚುಂಗನ್ನು ಸುರುಳಿ ಸುತ್ತಿ ಮುಂದಕ್ಕೆ ಚಾಚಿದೆ. ಅಂಗಳದಲ್ಲಿ ಕೋಡಿನ ಸೈತಾನ ನಿಂತಿತು! ಅಷ್ಟರಲ್ಲಿ ನೆರೆಹೊರೆಯವರೂ ಬಂದು ಸೇರಿದ್ದರು. ಹೆಂಗಸರು ಕಿಸಕ್ಕನೆ ನಕ್ಕರು.

"ನೋಡ್ರಿ, ಇದರ ಬೆನ್ನು ಕರೀದು, ಹೊಟ್ಟಿ ಬಿಳೀದು. ಮ್ಯಾಲಿಂದ ನೋಡಿದವರಿಗೆ ಸಮುದ್ರದ ಕತ್ತಲಿ ಕಾಣತೈತಿ. ಕೆಳಗಿಂದ ನೋಡಿದವರಿಗೆ ಆಕಾಶದ ಬೆಳಕು ಕಾಣತೈತಿ. ಹಿಂಗ ಎರಡೂ ಕಡಿ ಅಡಗತೈತಿ. ಎಂಥಾ ಶಾಣ್ಯಾತನ! ಈಜೂ ಮುಂದ ಇವನ್ನ ಹಿಂಗ ಸುತ್ತಿ ಇಟಗೋತೈತಿ, ಅವಾಗ ಕೋಡು. ಊಟದ ಹೊತ್ತಿಗೆ ಹಿಂಗ ಬಿಚ್ಚತೈತಿ..."

ಚುಂಗು ಬಿಚ್ಚಿ ಬಾಯಿಯ ಎರಡು ಕಡೆ ಅಗಲ ಮಾಡಿ ಹಿಡಿದೆ.

"ಬೊಗಸಿ!" ಎಂದಳು ಕಾಕಿ, ತಡೆಯಲಾರದೆ.

"ಬರೋಬರಿ ಕಾಕಿ! ಬೊಗಸೀನ. ನೀರನ್ನ ಬಾಯಿಗೆ ತಿರುವಿಕೊಳ್ಳೂ ಬೊಗಸಿ. ಇದು ಯಾರನ್ನೂ ಇರಿಯೂದಿಲ್ಲ. ಈ ಜಾತೀದಕ್ಕ ಬಾಲದಾಗ ಮುಳ್ಳೂ ಇಲ್ಲ. ಮೈಯಾಗ ಎಲುಬಽ ಇಲ್ಲ, ನಮ್ಮ ಕಿವಿ ಹಾಲಿ ಐತಲ್ಲ, ಅಂಥಾ ಮೆತ್ತನ್ನ ಹಂದರ."

"ಮತ್ತ ಆ ಎದಿ ಎಲುಬು?" ಕಾಕಾ ಬಿಡಲಿಲ್ಲ.

ಅಮೀನಾಬಿ ಆ ಸೀಳುಗಳಲ್ಲೊಂದನ್ನು ತೆರೆದು ತೋರಿಸಿದರು. ಒಳಗೆ ಹಣಿಗೆಯ ಹಲ್ಲಿನಂತೆ ಸಾಲುಸಾಲು ಪದರ.

"ಎಲುಬಲ್ಲ, ಅದು ಉಸಿರಾಡೂ ಕಿಂಡಿ" ಎಂದೆ. "ಕಾಕಿ, ನಿಮ್ಮ ಕೈಯಾಗ ಏನೈತಿ?"

"ಜರಡಿ."

"ಅದರ ಗಂಟಲಾಗೂ ಅದಽ ಐತಿ. ಬಾಯಿ ತಕ್ಕೊಂಡು ಈಜತೈತಿ. ನೀರು ಒಳಗ ಬಂದು ಕಿಂಡಿಯಾಗಿಂದ ಹೊರಗ ಹೋಗತೈತಿ. ನುಚ್ಚಿನಷ್ಟು ಸಣ್ಣ ಸಣ್ಣ ಸಿಗಡಿ, ಸಣ್ಣ ಮೀನು ಜರಡ್ಯಾಗ ಉಳೀತಾವ. ಅದಽ ಇದರ ಊಟ. ಮನುಷ್ಯಾನ ತಂಟೇಕ ಬರೂದಿಲ್ಲ."

ಕಾಕಿ ಜರಡಿಯನ್ನು ಎತ್ತಿ ಹಿಡಿದು ಒಮ್ಮೆ ಅದನ್ನು, ಒಮ್ಮೆ ಮೀನನ್ನು ನೋಡಿದಳು. "ನಾವು ಹಿಟ್ಟು ಸೋಸ್ತೀವಿ. ಇದು ಸಮುದ್ರಾನಽ ಸೋಸತೈತಿ ನೋಡ" ಎಂದಳು. ಆ ಮೆಚ್ಚುಗೆ ನಮ್ಮ ಪ್ರೊಫೆಸರರ ಬಾಯಲ್ಲಿಯೂ ನಾನು ಕೇಳಿರಲಿಲ್ಲ.

ಆಮೇಲೆ ಕಟ್ಟೆ ಹತ್ತಿದೆ. "ಇದು ಹಾರತೈತಿ ಕೂಡ. ಯಾಕ ಹಾರತೈತಿ ಅಂತ ಪಂಡಿತರಿಗೂ ಪಕ್ಕಾ ಗೊತ್ತಿಲ್ಲ. ನನ್ನ ಕೇಳಿದ್ರ ಮಸ್ತಿಗೆ!" ಎಂದು ರೆಕ್ಕೆ ಬಿಚ್ಚಿ ಜೋಳದ ಹೊಟ್ಟಿನ ರಾಶಿಯ ಮೇಲೆ ಹೊಟ್ಟೆ ಅಡಿಯಾಗಿ ಬಿದ್ದೆ. ರಪ್! ಹೊಟ್ಟೆಯಿಂದ ಹೊಟ್ಟು ಕೊಡವಿಕೊಂಡು ಏಳುವಾಗ ಇಡೀ ಓಣಿ ನಗುತ್ತಿತ್ತು. ಕಾಕಾ ಮಾತ್ರ ನಗುವನ್ನು ಮೀಸೆಯೊಳಗೇ ಬಿಗಿಹಿಡಿದಿದ್ದ.

"ಇದರ ಊರು ಯಾವುದು?" ಎಂದ. ಊರು ಕೇಳುವುದೆಂದರೆ ನಮ್ಮಲ್ಲಿ ಅರ್ಧ ಪರಿಚಯವಾದಂತೆ.

ಕಾಕಿಯ ಹಿಟ್ಟು ಒಂದು ಹಿಡಿ ತೆಗೆದುಕೊಂಡು ನೆಲದ ಮೇಲೆ ರಂಗೋಲಿಯ ಹಾಗೆ ನಕಾಶೆ ಬರೆದೆ. "ಇದು ನಮ್ಮ ದೇಶ. ಇಲ್ಲಿ ಕಾರವಾರ, ಇಲ್ಲಿ ನಾನು ನೋಡಿದ್ದು. ಪಡುವಣಕ್ಕ ಅರಬರ ದೇಶ, ಕೆಂಪು ಸಮುದ್ರ, ಆಫ್ರಿಕಾದ ಮೂಡಣ ದಂಡಿ. ಈ ಕಡಿ ಬಂಗಾಲದ ಸಮುದ್ರ, ಇಂಡೊನೇಷ್ಯಾ, ಫಿಲಿಪೈನ್ಸ್, ಆಸ್ಟ್ರೇಲಿಯಾದ ಉತ್ತರ ದಂಡಿ. ಇದಿಷ್ಟೂ ಇದರ ಊರಽ. ಬೆಚ್ಚನ್ನ ನೀರು ಬೇಕು. ದಂಡಿ ಬಿಟ್ಟು ಬಾಳ ದೂರ ಹೋಗೂದಿಲ್ಲ, ಗುಂಪುಗೂಡಿ ತಿರಗತೈತಿ. ಅಮೆರಿಕಾದ ದಂಡ್ಯಾಗ ಈ ಜಾತಿ ಇಲ್ಲ, ಇದರ ದಾಯಾದಿಗಳು ಅದಾರ. ಅವರಾಗ ಚಕ್ಕಡಿಗಿಂತ ಅಗಲ ಇರೂವೂ ಅದಾವ. ಪೆಟಗಿ ಬಾಬಾನ ಹರವು ಮಾತ್ರ ಇಂಡಿಯಿಂದ ತಾಳಿಕೋಟಿ ತನಕ."

"ಅಷ್ಟು ದೊಡ್ಡ ಸಮುದ್ರ ಬಿಟ್ಟು ನನ್ನ ಬಾಗಲಾಗ ಬಂದು ಜೋತಾಡಾಕತ್ತಿತ್ತೇನೋ, ಪಾಪ" ಎಂದ ಕಾಕಾ. ದನಿ ಮೆತ್ತಗಾಗಿತ್ತು. ಬಾನಿಯಿಂದ ತೆಗೆದಿಟ್ಟಿದ್ದ ಚೆಂಡುಹೂವಿನ ಮಾಲೆಯನ್ನು ತಂದು, ಪಾಪಕ್ಕೆಂದೋ ಪುಣ್ಯಕ್ಕೆಂದೋ, ಮತ್ತೆ ಅದರ ಮೈಮೇಲೆ ಹಾಕಿದ.

ಆಗ ಒಳಗಿನ ಕತ್ತಲಿಂದ ದನಿ ಬಂತು. ಚನ್ನವ್ವ ಹೊಸ್ತಿಲ ಒಳಗೆ ನಿಂತಿದ್ದಳು, ಬಾಗಿಲ ಚೌಕಟ್ಟು ಹಿಡಿದುಕೊಂಡು.

"ಪರಪ್ಪ, ಅದಕ್ಕ ಮರಿ ಹೆಂಗ ಆಗ್ತಾವು?"

ನಾನು ಬಾಗಿಲ ಕಡೆ ತಿರುಗಿದೆ.

"ವೈನಿ, ಮೀನಂದ್ರ ಸಾವಿರಗಟ್ಟಲೆ ತತ್ತಿ ಇಡತಾವ ಅಂತ ಕೇಳೀರಿ. ಇದು ಹಂಗಲ್ಲ. ಸಲಕ್ಕ ಒಂದಽ ಮರಿ. ತತ್ತಿ ಹೊಟ್ಟ್ಯಾಗಽ ಒಡೀತೈತಿ. ಮರಿ ತನ್ನ ರೆಕ್ಕಿ ತಾನಽ ಸುತಗೊಂಡು, ನೀವು ಬುತ್ತಿಗೆ ರೊಟ್ಟಿ ಸುತ್ತತೀರಲ್ಲ, ಹಂಗ ತಾಯಿ ಹೊಟ್ಟ್ಯಾಗ ಮಲಗತೈತಿ. ತಾಯಿ ಗರ್ಭದಾಗಽ ಹಾಲಿನಂಥಾ ರಸ ಒಸರತೈತಿ. ಅದನ್ನ ಕುಡದು ಮರಿ ಬೆಳೀತೈತಿ. ತಿಂಗಳಗಟ್ಟಲೆ ಹೊತ್ತು, ಥೇಟ್ ತಾಯಿ ಹಂಗಽ ಇರೂ ಮರಿ ಹಡೀತೈತಿ. ಹುಟ್ಟಿದ ಕೂಡಲೇ ರೆಕ್ಕಿ ಬಿಚ್ಚಿ ಈಜತೈತಿ."

ಚನ್ನವ್ವನ ಕೈ ತಾನಾಗಿ ತನ್ನ ಹೊಟ್ಟೆಯ ಮೇಲೆ ಹೋಯಿತು.

"ಹೊಟ್ಟಿಲೆ ಇದ್ದಾಗ ಅದು ಊಟ ಬಿಡತೈತೇನ್ರಿ?"

"ಎಲ್ಲಿ ಬಿಡತೈತಿ ವೈನಿ? ಬಾಯಿ ತಕ್ಕೊಂಡು ಉಂಡ್ಕೋತಽ ಇರತೈತಿ."

"ಉಪ್ಪು?"

ಇದಕ್ಕೆ ಉತ್ತರ ಅಮೀನಾಬಿ ಕೊಟ್ಟರು. "ಅದು ಇರೂದಽ ಉಪ್ಪಿನ ನೀರಾಗ, ಮಗಳ. ಅದಕ್ಕ ಯಾರೂ ಉಪ್ಪು ಬಿಡಸಿಲ್ಲ."

ಚನ್ನವ್ವ ಒಂದು ಕಾಲು ಎತ್ತಿದಳು. ಹೊಸ್ತಿಲ ಮೇಲೆ ಹಿಡಿದಳು. ಕಾಕಾನ ಕೈ ಮೇಲೆದ್ದಿತು, "ಏ" ಎನ್ನಲು ಬಾಯಿ ತೆರೆಯಿತು. ಅಷ್ಟರಲ್ಲೇ ಚನ್ನವ್ವ ದಾಟಿದಳು. ಬಿಸಿಲಿಗೆ ಕಣ್ಣು ಕಿರಿದು ಮಾಡಿ, ಮೀನಿನ ಮುಂದೆ ಹೋಗಿ ನಿಂತಳು. ಬಹಳ ಹೊತ್ತು ನೋಡಿದಳು.

"ಇದೂ ಒಂದು ಮರಿ ಅಲ್ಲೇನ್ರಿ?" ಎಂದಳು. "ಇದರ ಅವ್ವ ಇದನ್ನ ಎಷ್ಟ ಜ್ವಾಕಿ ಮಾಡಿ ಹೊತ್ತಿದ್ದಳೋ ಏನೋ." ಆಮೇಲೆ ತಿರುಗಿ ಅತ್ತೆಯನ್ನು ನೋಡಿದಳು. "ಅತ್ತೀ, ಉಪ್ಪಿನ ಗಡಿಗಿ ಎಲ್ಲಿ ಮುಚ್ಚಿಟ್ಟೀರಿ?"

ಕಾಕಿ ಕಾಕಾನ ಮುಖ ನೋಡಲಿಲ್ಲ. ಒಳಗೆ ಓಡಿದಳು. ಬಿಸಿ ರೊಟ್ಟಿ, ಮೆಂತ್ಯಪಲ್ಯ, ಶೇಂಗಾ ಚಟ್ನಿ, ಮೇಲೊಂದು ಚಿಟಿಕೆ ಉಪ್ಪು ತಂದಳು. ಚನ್ನವ್ವ ಕಟ್ಟೆಯ ಮೇಲೆ ಕುಳಿತು, ಎಲ್ಲರ ಮುಂದೆ, ಮೊದಲ ತುತ್ತು ಬಾಯಿಗಿಟ್ಟಳು. ಕಣ್ಣಿಂದ ನೀರು ಇಳಿಯಿತು. "ಖಾರ ಹತ್ತಿತು" ಎಂದಳು. ಪಲ್ಯದಲ್ಲಿ ಖಾರವೇ ಇರಲಿಲ್ಲ, ಚಟ್ನಿಯನ್ನು ಆಕೆ ಇನ್ನೂ ಮುಟ್ಟಿರಲಿಲ್ಲ.

ಕಾಕಾ ಮಾತ್ರ ಇನ್ನೂ ಗಡ್ಡ ಕೆರೆಯುತ್ತಿದ್ದ. "ಎಲ್ಲಾ ಖರೇ ಇರಬಹುದು ತಮ್ಮಾ. ಆದ್ರ ಬಾಬಾ ಸಾಮಾನ್ಯ ಮನಷ್ಯಾ ಅಲ್ಲ. ಮುಂಜಾನೆ ಗೊಳಸಂಗಿಯಿಂದ ತಿರುಗಿ ಬಂದು, ನೀರಿಗೆ ಹಾಕು ಅಂತ ಆತನಽ ಹೇಳಿದ. ಇದೆಲ್ಲಾ ಆತಗ ಮೊದಲಽ ಗೊತ್ತಿತ್ತು!"

ಇನ್ನು ನನಗೆ ತಡೆಯಲಾಗಲಿಲ್ಲ. ಮೂಗು ಹಿಡಿದೆ.

"ಅದು ಹೋದ ಅಮಾಸಿ ಮಾತು, ಖಂಡೆಪ್ಪಾ! ಸಮಝಾ?"

ಕಾಕಾನ ಮುಖ ಕೆಂಪಾಯಿತು, ಆಮೇಲೆ ಕಪ್ಪಾಯಿತು. ಕೋಲು ಕೈಗೆ ಬಂತು. "ಲೇ ಪರ್ಯಾ..." ಎಂದು ಹೆಜ್ಜೆ ಇಟ್ಟ. ನಾನು ಕಂಬಳಿಯೊಳಗೆ ತಲೆ ಎಳೆದುಕೊಂಡೆ.

ಆ ಹೊತ್ತಿಗೆ ಸರಿಯಾಗಿ ಕಿವಿ ಹರಿದ ಗಂಡುಬೆಕ್ಕು ತನ್ನ ಪಂಚಾಯ್ತಿ ಮುಗಿಸಿತು. ಕಲ್ಲಿನ ಮೇಲೆ ಹಾರಿ, ಮೀನಿನ ಬಾಲ ಕಚ್ಚಿ ಎಳೆದುಕೊಂಡು ಹೊರಟಿತು. ಚೆಂಡುಹೂವಿನ ಮಾಲೆ ಸಮೇತ ಸೈತಾನನ ಸವಾರಿ ಅಂಗಳದ ನಡುವೆ, ಕಾಕಾನ ಎದುರಿಗೇ ಹಾದುಹೋಯಿತು. ಕಾಕಾನಿಗೆ ರೂಢಿ ಬಿದ್ದುಹೋಗಿತ್ತು. ಕೋಲು ಕೆಳಗೆ ಬಿಟ್ಟು ಎರಡೂ ಕೈ ಮುಗಿದುಬಿಟ್ಟ!

ಮುಗಿದ ಕೈಯನ್ನು ತಾನೇ ನೋಡಿಕೊಂಡ. ಬೋಳು ಕೋಡಿನ ಎತ್ತನ್ನು ನೋಡಿದ. ಮೀಸೆ ಅದುರಿತು.

"ಏ ಇವಳ, ಸಿದ್ದಲಿಂಗವ್ವಾ" ಎಂದ. "ನಮ್ಮ ಮನಿಯಾಗ ಮುತ್ತ್ಯಾನ ಕಾಲದಿಂದ ತತ್ತಿ ಸೈತ ಒಳಗ ಬಂದಿಲ್ಲ. ನಾ ಮಡಿ ಉಟ್ಟು, ಈಬತ್ತಿ ಹಚ್ಚಿ, ಒಣಮೀನಿಗೆ ಊದಿನಕಡ್ಡಿ ಬೆಳಗೀನಲ್ಲಬೇ!"

ಎಂದವನೇ ನಕ್ಕ. ಹೊಟ್ಟೆ ಹಿಡಿದು ನಕ್ಕ, ಕಟ್ಟೆಗೆ ಒರಗಿ ನಕ್ಕ, ಎತ್ತು ಹಗ್ಗ ಜಗ್ಗಿ ಹಿಂದೆ ಸರಿಯುವ ಹಾಗೆ ನಕ್ಕ. ನಾವೆಲ್ಲ ಸೇರಿ ನಕ್ಕರೂ ಆ ಒಬ್ಬನ ನಗುವಿಗೆ ಸಮವಾಗಲಿಲ್ಲ. ಕಣ್ಣು ಒರೆಸಿಕೊಂಡು ಅಮೀನಾಬಿಯವರಿಗೆ ಹೇಳಿದ:

"ಬಾಯಾರ, ನಿಮ್ಮ ಚೀಲದಾಗಿನ ಸೂಜಿ ತಗೀರಿ. ಮೊದಲು ನನ್ನ ಸೊಸಿಗೆ ಹಾಕ್ರಿ. ಉಳದ್ರ ಈ ಪರ್ಯಾನ ನಾಲಿಗಿಗೆ ಹಾಕ್ರಿ."

ಮುಂದೆ ಚನ್ನವ್ವ ರಕ್ತ ಹೆಚ್ಚಿಸುವ ಗುಳಿಗೆ ನುಂಗಿದಳು, ಹೊಟ್ಟೆ ತುಂಬ ಉಂಡಳು, ನನ್ನನ್ನು ಅಣಕಿಸುವಷ್ಟು ಚೇತರಿಸಿಕೊಂಡಳು. ನೋವು ಬಂದಾಗ ಕಾಕಾ ತಾನೇ ಚಕ್ಕಡಿ ಕಟ್ಟಿ ಸಿಂದಗಿಯ ದವಾಖಾನೆಗೆ ಕರೆದೊಯ್ದ. ಹೆಣ್ಣು ಕೂಸು. ಕಾಕಾ ಮೊದಲು ಅದರ ತಲೆ ಸವರಿ ನೋಡಿದ. "ಕೋಡಿಲ್ಲ, ಕೂದಲಾ ಅದಾವ" ಎಂದು ಸಾರಿದ.

ಅವ್ವಂದಿರೇ, ಅಣ್ಣಂದಿರೇ, ಇದಿಷ್ಟು ನಮ್ಮ ಕನ್ನೊಳ್ಳಿಯ ಮಾತು. ಇನ್ನು ನಿಮ್ಮ ಮನೆಯ ಮಾತು. ಮನೆಯಲ್ಲಿ ಬಸುರಿ ಇದ್ದರೆ ಯಾರದೋ ಮಾತು ಕೇಳಿ ಊಟ ಬಿಡಿಸಬೇಡಿ. ಸೊಪ್ಪು, ಬೇಳೆ, ಶೇಂಗಾ, ಹಾಲು, ಮನೆಯಲ್ಲಿದ್ದದ್ದನ್ನು ಒಂದು ತುತ್ತು ಹೆಚ್ಚಿಗೆ ಕೊಡಿ. ನರ್ಸಬಾಯಿ ಕೊಡುವ ಗುಳಿಗೆ ನುಂಗಿಸಿ, ಇಂಜೆಕ್ಷನ್ ಹಾಕಿಸಿ. ಹೆರಿಗೆಯನ್ನು ದವಾಖಾನೆಯಲ್ಲಿ ಮಾಡಿಸಿ, ಆಗದಿದ್ದರೆ ತರಬೇತಿ ಪಡೆದ ಸೂಲಗಿತ್ತಿಯಿಂದ, ಹೊಸ ಬ್ಲೇಡು, ಕುದಿಸಿದ ದಾರದಿಂದಲೇ ಮಾಡಿಸಿ. ಮುಖ ಬಾತರೆ, ತಲೆ ಸಿಡಿದರೆ, ರಕ್ತ ಹೋದರೆ ನಾಳೆ ಎನ್ನಬೇಡಿ, ಆಗಲೇ ಚಕ್ಕಡಿ ಕಟ್ಟಿ.

ಸಂತೆಯಲ್ಲಿ ಯಾರಾದರೂ ಪೆಟ್ಟಿಗೆ ತೆರೆದು ಕೋಡು ತೋರಿಸಿದರೆ ಓಡಬೇಡಿ. ಇದರ ಊರು ಯಾವುದು, ಏನು ಉಣ್ಣುತ್ತದೆ, ಮರಿ ಎಷ್ಟು ಹಾಕುತ್ತದೆ ಎಂದು ಕೇಳಿ. "ನೀರಿಗೆ ಹಾಕಿ ತೋರಸ್ರಿ" ಎನ್ನಿ. ಕೊಳ್ಳಲಂತೂ ಕೊಳ್ಳಬೇಡಿ. ಸಲಕ್ಕೆ ಒಂದೇ ಮರಿ ಹಡೆಯುವ ಜೀವ ಅದು. ನಾವು ಕೊಳ್ಳುತ್ತ ಹೋದರೆ ಸಮುದ್ರದಲ್ಲಿ ಹಾರುವ ಕಂಬಳಿಗಳು ಉಳಿಯುವುದಿಲ್ಲ.

ಇಷ್ಟು ಹೇಳಿ ನಾನು ಮುಗಿಸುತ್ತಿದ್ದೆ. ಹೋದ ತಿಂಗಳು ಸಿಂದಗಿಯ ಮಹಿಳಾ ಮಂಡಳದಲ್ಲಿ ಇದನ್ನು ಓದುವಾಗ ಖಂಡೆಪ್ಪ ಕಾಕಾ ಮೊಮ್ಮಗಳನ್ನು ತೊಡೆಯ ಮೇಲೆ ಕೂರಿಸಿಕೊಂಡು ಮುಂದಿನ ಸಾಲಿನಲ್ಲಿದ್ದ. ನಾನು ಕೂರುವ ಮೊದಲೇ ಕೂಸನ್ನು ಪಕ್ಕದಲ್ಲಿದ್ದ ಚನ್ನವ್ವನ ಕೈಗೆ ಕೊಟ್ಟು ಎದ್ದು ನಿಂತ.

"ತಡಿಯೋ, ಮುಖ್ಯ ಮಾತಽ ಬಿಟ್ಟಿ" ಎಂದು ತನ್ನ ಕಂಬಳಿಯನ್ನು ತಲೆಗೆ ಹೊದ್ದು, ಎರಡು ಚುಂಗು ಸುರುಳಿ ಸುತ್ತಿ ಕೋಡು ಮಾಡಿಕೊಂಡ. ಕೂಸಿನ ಮುಂದೆ ಬಗ್ಗಿ, ಕಣ್ಣು ಕೆಕ್ಕರಿಸಿ, ಮೂಗಿನಿಂದ, ನನಗಿಂತ ಚೆನ್ನಾಗಿ, "ಸಾತ್ ಸಮುಂದರದ ಸೈತಾನ! ಸಮಝಾ?" ಎಂದ.

ಕೂಸು ಒಂದು ಕ್ಷಣ ಅವನನ್ನೇ ನೋಡಿತು. ಆಮೇಲೆ ಎರಡೂ ಕೈಯಿಂದ ಎರಡೂ ಕೋಡು ಹಿಡಿದು ಜಗ್ಗಿತು. ಕೋಡು ಬಿಚ್ಚಿಕೊಂಡವು. ಕಂಬಳಿ ಜಾರಿ ಕಾಕಾನ ಬೋಳುತಲೆ ಹೊರಗೆ ಬಂತು. ಕೂಸು ಕಿಲಕಿಲ ನಕ್ಕಿತು, ಚನ್ನವ್ವ ನಕ್ಕಳು, ಇಡೀ ಸಭೆ ನಕ್ಕಿತು. ಎಲ್ಲರಿಗಿಂತ ದೊಡ್ಡದಾಗಿ, ಹೊರಗೆ ರಸ್ತೆಯಲ್ಲಿ ಹೋಗುವವರು ನಿಂತು ಇಣುಕುವಷ್ಟು ದೊಡ್ಡದಾಗಿ ನಕ್ಕವನು ನಮ್ಮ ಖಂಡೆಪ್ಪ ಕಾಕಾ.